ಬಹುಸಂಖ್ಯಾತರೇ ಬೇರೆಯಾಗಬೇಕು ಅಂತ ಯಾಕೆ ಕೇಳುತ್ತಾರೆ? ಫ್ಲೆಮಿಶ್ ರಾಷ್ಟ್ರೀಯವಾದದ ಕಥೆ

ಪ್ರಶ್ನೆ: ನಾನು ಧಾರವಾಡದವನು. ಒಂದು ವರ್ಷದಿಂದ ಬೆಲ್ಜಿಯಂನ ಲೂವೆನ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಜುಲೈ 11ಕ್ಕೆ ಇಲ್ಲಿ ಹಲವು ಕಡೆ ಸಿಂಹದ ಹಳದಿ ಬಾವುಟ ಹಾರಿಸುತ್ತಾರೆ. ಪ್ರೀತಿಯಿಂದ ನಾನೂ ಒಂದು ತಂದು ಕಿಟಕಿಗೆ ಕಟ್ಟಿದೆ. ಸಹೋದ್ಯೋಗಿಯೊಬ್ಬರು ನೋಡಿ, ‘ಇದು ಬೇಡ, ಕೆಂಪು ನಾಲಿಗೆಯ ಸಿಂಹ ಇರುವುದನ್ನು ಹಾಕಿ’ ಅಂದರು. ನಗರಸಭೆ ಕೌಂಟರ್‌ನಲ್ಲಿ ಇಂಗ್ಲಿಷ್ ಬಂದರೂ ಕಾಗದವನ್ನೆಲ್ಲ ಡಚ್‌ನಲ್ಲೇ ಕೊಡುತ್ತಾರೆ. ಇವರು ನಮ್ಮ ಕನ್ನಡ ಹೋರಾಟಗಾರರ ಹಾಗೆ ಭಾಷೆಗಾಗಿ ನಿಂತವರಾ, ಇಲ್ಲ ತೀವ್ರ ಬಲಪಂಥದವರಾ? ದೇಶದಲ್ಲಿ ಇವರೇ ಜಾಸ್ತಿ ಜನ, ದುಡ್ಡೂ ಇವರ ಹತ್ತಿರವೇ ಜಾಸ್ತಿ, ಈಗ ಪ್ರಧಾನಿಯೂ ಇವರವರೇ. ಆದರೂ ಬೇರೆಯಾಗಬೇಕು ಅಂತ ಯಾಕೆ? ಬೆಲ್ಜಿಯಂ ನಿಜಕ್ಕೂ ಒಡೆಯುತ್ತದಾ?

ಉತ್ತರ: ನಮಸ್ಕಾರ. ಮೊದಲು ಬಾವುಟದ ವಿಷಯ ಮುಗಿಸೋಣ. ನಿಮ್ಮ ಸಹೋದ್ಯೋಗಿ ಒಳ್ಳೆಯದನ್ನೇ ಹೇಳಿದ್ದಾರೆ.

ಫ್ಲಾಂಡರ್ಸ್ ಅಂದರೆ ಬೆಲ್ಜಿಯಂನ ಉತ್ತರಕ್ಕಿರುವ, ಡಚ್ ಮಾತಾಡುವ ಸೀಮೆ; ಅಲ್ಲಿಯವರೇ ಫ್ಲೆಮಿಶರು. ಅದರ ಸರ್ಕಾರಿ ಬಾವುಟದಲ್ಲಿ ಹಳದಿ ಬಟ್ಟೆಯ ಮೇಲೆ ಕಪ್ಪು ಸಿಂಹ ಇರುತ್ತದೆ. ಅದರ ನಾಲಿಗೆ, ಉಗುರು ಕೆಂಪು. ಕಪ್ಪು, ಹಳದಿ, ಕೆಂಪು ಮೂರೂ ಸೇರಿದರೆ ಬೆಲ್ಜಿಯಂ ಬಾವುಟದ ಬಣ್ಣವಾಗುತ್ತದೆ, ಅಲ್ವಾ? ಆ ಕೆಂಪನ್ನು ತೆಗೆದು ಸಿಂಹವನ್ನು ಪೂರ್ತಿ ಕಪ್ಪು ಮಾಡಿದರೆ ಅದು ಬೆಲ್ಜಿಯಂ ಬೇಡ ಅನ್ನುವವರ ಬಾವುಟ. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಜತೆ ಸೇರಿದವರೂ ಅದನ್ನೇ ಹಿಡಿದಿದ್ದರು. ಹಾಗಂತ ಅದನ್ನು ಹಿಡಿದವರೆಲ್ಲ ಹಾಗೇ ಅಂತಲ್ಲ. ಸೈಕಲ್ ರೇಸ್ ನಡೆಯುವಾಗ ದಾರಿಯ ಎರಡೂ ಬದಿ ಅದು ಕಾಣುತ್ತದೆ, ಎಷ್ಟೋ ಜನ ಸುಮ್ನೆ ಕೈಗೆ ಕೊಟ್ಟಿದ್ದನ್ನು ಬೀಸುತ್ತಿರುತ್ತಾರೆ. ಆದರೆ ಮನೆಯ ಕಿಟಕಿಗೆ ಕಟ್ಟಿದರೆ ನೋಡುವವರಿಗೆ ಅದರ ಅರ್ಥವೇ ಬೇರೆ.

ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ಕೆಂಪು ನಾಲಿಗೆಯಲ್ಲೇ ಇದೆ. ಫ್ಲೆಮಿಶ್ ಹೋರಾಟ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದರೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಭಾಷೆಯ ಹಕ್ಕಿಗೆ ನಡೆದ ಹೋರಾಟ ಒಂದು. ತಮ್ಮ ಆಡಳಿತ, ತಮ್ಮ ದುಡ್ಡು ತಮ್ಮ ಕೈಯಲ್ಲಿರಬೇಕು ಅನ್ನುವ ರಾಜಕೀಯ ಇನ್ನೊಂದು. ಹೊರಗಿನಿಂದ ಬಂದವರ ಮೇಲಿನ ಸಿಟ್ಟಿನಿಂದ ಬೆಳೆದ ತೀವ್ರ ಬಲಪಂಥ ಮತ್ತೊಂದು. ಒಂದರಿಂದ ಇನ್ನೊಂದು ಹುಟ್ಟಿದ್ದು ನಿಜ. ಆದರೆ ಮೂರೂ ಒಂದೇ ಅಂದುಕೊಂಡರೆ ಏನೂ ಅರ್ಥವಾಗುವುದಿಲ್ಲ.

ಈಗ ‘ಬಹುಸಂಖ್ಯಾತರು’ ಅನ್ನುವ ಮಾತಿಗೆ ಬರೋಣ. ಬೆಲ್ಜಿಯಂನಲ್ಲಿ ಸುಮಾರು 1 ಕೋಟಿ 18 ಲಕ್ಷ ಜನ ಇದ್ದಾರೆ. ಫ್ಲಾಂಡರ್ಸ್‌ನಲ್ಲಿ 68 ಲಕ್ಷ, ಫ್ರೆಂಚ್ ಮಾತಾಡುವ ವಲೋನಿಯಾದಲ್ಲಿ 37 ಲಕ್ಷ, ಬ್ರಸೆಲ್ಸ್‌ನಲ್ಲಿ 12 ಲಕ್ಷಕ್ಕೆ ಸ್ವಲ್ಪ ಮೇಲೆ. ಪೂರ್ವದ ಗಡಿಯಲ್ಲಿ ಜರ್ಮನ್ ಮಾತಾಡುವ ಸಣ್ಣ ಸಮುದಾಯವೂ ಇದೆ. ಡಚ್ ಮಾತಾಡುವವರು 1830ರಲ್ಲೂ ಜಾಸ್ತಿಯೇ ಇದ್ದರು. ಆದರೆ ತಲೆ ಎಣಿಸಿದರೆ ಜಾಸ್ತಿ, ಮತ ಎಣಿಸಿದರೆ ಅಲ್ಲ. 1831ರಲ್ಲಿ ತೆರಿಗೆ ಕಟ್ಟುವ ಸ್ಥಿತಿವಂತರಿಗೆ ಮಾತ್ರ ಮತದ ಹಕ್ಕಿತ್ತು. ಸುಮಾರು 40 ಲಕ್ಷ ಜನರಲ್ಲಿ ಮತ ಹಾಕುವವರು 46 ಸಾವಿರದಷ್ಟು. ನೂರಕ್ಕೆ ಒಬ್ಬರು ಅಂದುಕೊಳ್ಳಿ. ಆ ಒಬ್ಬ ಸ್ಥಿತಿವಂತ ಘೆಂಟ್‌ನವನಾದರೂ ಆಂಟ್‌ವರ್ಪ್‌ನವನಾದರೂ ಮನೆಯಲ್ಲಿ, ಕಚೇರಿಯಲ್ಲಿ ಫ್ರೆಂಚ್ ಆಡುತ್ತಿದ್ದ. ಫ್ಲೆಮಿಶ್, ಅಂದರೆ ಅಲ್ಲಿನ ಡಚ್, ಬೇಕಿದ್ದುದು ಅಡುಗೆಯವಳಿಗೆ, ಗಾಡಿ ಹೊಡೆಯುವವನಿಗೆ ಕೆಲಸ ಹೇಳಲು. ಹಾಗಾಗಿ ಇದನ್ನು ಫ್ಲೆಮಿಶರು ಮತ್ತು ವಲೂನರ (ವಲೋನಿಯಾದವರ) ಜಗಳ ಅಂತ ಮಾತ್ರ ಓದಬೇಡಿ. ಶುರುವಿನಲ್ಲಿ ಇದು ಫ್ಲಾಂಡರ್ಸ್ ಒಳಗಿನ ಉಳ್ಳವರ ಭಾಷೆಗೂ ಇಲ್ಲದವರ ಭಾಷೆಗೂ ನಡೆದ ಜಗಳ.

ಹೊಸ ದೇಶಕ್ಕೆ ಡಚ್ ಭಾಷೆ ಮೊದಲೇ ಬೇಡವಾಗಿತ್ತು. 1815ರಿಂದ ಈ ನಾಡು ಒಂದನೇ ವಿಲಿಯಂನ ನೆದರ್‌ಲ್ಯಾಂಡ್ಸ್ ರಾಜ್ಯಕ್ಕೆ ಸೇರಿತ್ತು. 1830ರಲ್ಲಿ ಅವನ ವಿರುದ್ಧ ಎದ್ದೇ ಬೆಲ್ಜಿಯಂ ಸ್ವತಂತ್ರವಾಗಿದ್ದು. ಡಚ್ ಅಂದರೆ ಸೋತ ರಾಜನ ಭಾಷೆ, ಪ್ರಾಟೆಸ್ಟಂಟರ ಭಾಷೆ. ಸಂವಿಧಾನದಲ್ಲಿ ‘ಭಾಷೆಯ ಬಳಕೆ ಅವರವರ ಇಷ್ಟ’ ಅಂತ ಬರೆದರು. ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಆ ಇಷ್ಟ ನಡೆದಿದ್ದು ಅಧಿಕಾರಿಗಳದ್ದು, ನ್ಯಾಯಾಧೀಶರದ್ದು, ಸೇನಾಧಿಕಾರಿಗಳದ್ದು. ಕಾನೂನು, ಕೋರ್ಟು, ಕಾಲೇಜು, ಸೈನ್ಯ ಎಲ್ಲವೂ ಫ್ರೆಂಚಾದವು.

ಅದೇ ಹೊತ್ತಿಗೆ ಫ್ಲಾಂಡರ್ಸ್ ಬಡವಾಯಿತು. ಮನೆಮನೆಯಲ್ಲಿ ನಡೆಯುತ್ತಿದ್ದ ಲಿನನ್ ನೇಯ್ಗೆಯನ್ನು ಯಂತ್ರಗಳು ಮುಗಿಸಿದವು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಹಸಿವು ಬಂತು. ಆಗ ವಲೋನಿಯಾದಲ್ಲಿ ಕಲ್ಲಿದ್ದಲು, ಉಕ್ಕು ಏರುಗತಿಯಲ್ಲಿದ್ದವು. ಫ್ಲೆಮಿಶ್ ಕೂಲಿಗಳು ಗಂಟುಮೂಟೆ ಕಟ್ಟಿಕೊಂಡು ಷಾರ್ಲರ್ವಾ, ಲಿಯೇಜ್ ಗಣಿಗಳಿಗೆ ಹೋದರು. ಅಂಥ ಇಬ್ಬರು ಕುಕೆ ಮತ್ತು ಗೂಥಾಲ್ಸ್. ಒಬ್ಬ ವಿಧವೆಯ ಕೊಲೆ ಆರೋಪ ಅವರ ಮೇಲೆ ಬಂತು. ವಿಚಾರಣೆ ಫ್ರೆಂಚ್‌ನಲ್ಲಿ ನಡೆಯಿತು. 1860ರ ನವೆಂಬರ್‌ನಲ್ಲಿ ಷಾರ್ಲರ್ವಾದಲ್ಲಿ ಇಬ್ಬರ ತಲೆ ತೆಗೆದರು. ಅವರು ನಿಜಕ್ಕೂ ತಪ್ಪು ಮಾಡಿದ್ದರಾ ಅನ್ನುವ ಬಗ್ಗೆ ಇತಿಹಾಸಕಾರರು ಈಗಲೂ ವಾದಿಸುತ್ತಾರೆ. ಆದರೆ ‘ತಮ್ಮನ್ನು ಯಾಕೆ ಕೊಲ್ಲುತ್ತಿದ್ದಾರೆ ಅಂತಲೇ ತಿಳಿಯದೆ ಸತ್ತವರು’ ಅಂತಲೇ ಜನರ ನೆನಪಿನಲ್ಲಿ ಅವರು ಉಳಿದರು.

ನಿಮ್ಮ ನಗರಸಭೆ ಕೌಂಟರ್‌ಗೆ ಇನ್ನೂ ಹತ್ತಿರದ ಕಥೆಯೊಂದಿದೆ. 1872ರಲ್ಲಿ ಬ್ರಸೆಲ್ಸ್ ಪಕ್ಕದ ಮೊಲೆನ್‌ಬೇಕ್‌ನಲ್ಲಿ ಯೋಸೆಫ್ ಸ್ಕೂಪ್ ಅನ್ನುವವನು ಮಗುವಿನ ಜನನ ನೋಂದಾಯಿಸಲು ಹೋದ. ಡಚ್‌ನಲ್ಲಿ ಬರೆದುಕೊಳ್ಳಿ ಅಂದ. ಅಧಿಕಾರಿ ಒಪ್ಪಲಿಲ್ಲ. ಇವನೂ ಬಿಡಲಿಲ್ಲ, ನೋಂದಾಯಿಸದೇ ವಾಪಸ್ ಬಂದ. ದಂಡ ಬಿತ್ತು. ಮೇಲ್ಮನವಿಗೆ ಹೋದರೆ, ಅವನ ವಕೀಲರು ಡಚ್‌ನಲ್ಲಿ ವಾದ ಮಾಡಲೂ ಕೋರ್ಟು ಬಿಡಲಿಲ್ಲ. ತನ್ನ ಮಗು ಹುಟ್ಟಿದೆ ಅಂತ ತನ್ನ ಭಾಷೆಯಲ್ಲಿ ಹೇಳಿದ್ದಕ್ಕೆ ದಂಡ! ಈ ಗದ್ದಲವಾದ ಮರುವರ್ಷ, 1873ರಲ್ಲಿ, ಫ್ಲಾಂಡರ್ಸ್‌ನ ಕ್ರಿಮಿನಲ್ ಕೋರ್ಟುಗಳಲ್ಲಿ ಡಚ್ ಬಳಸುವ ಮೊದಲ ಭಾಷಾ ಕಾನೂನು ಬಂತು. ಈಗ ನಿಮಗೆ ಡಚ್ ಕಾಗದ ಕೊಡುವ ಆ ಗುಮಾಸ್ತೆಗೆ ಇಂಗ್ಲಿಷ್ ಬರುತ್ತದೆ, ನಿಮ್ಮ ಮೇಲೆ ಕೋಪವೂ ಇಲ್ಲ. ದಾಖಲೆ ಡಚ್‌ನಲ್ಲೇ ಇರಬೇಕು ಅನ್ನುವುದು ಕಾನೂನು. ಆ ಕಾನೂನನ್ನು ಅವರು ಸುಮ್ನೆ ಕೂತು ಪಡೆದಿದ್ದಲ್ಲ.

ಈ ಹೊತ್ತಿಗೆ ಬರಹಗಾರರು ತಮ್ಮ ಕೆಲಸ ಮಾಡಿಯಾಗಿತ್ತು. ಯಾನ್ ಫ್ರಾನ್ಸ್ ವಿಲೆಮ್ಸ್ ಹಳೆಯ ಫ್ಲೆಮಿಶ್ ಕಾವ್ಯ, ಹಾಡುಗಳನ್ನು ಹುಡುಕಿ ಅಚ್ಚು ಹಾಕಿಸಿದ. ಹೆಂಡ್ರಿಕ್ ಕೊನ್ಸ್ಯಾನ್ಸ್ 1838ರಲ್ಲಿ ‘ಫ್ಲಾಂಡರ್ಸ್‌ನ ಸಿಂಹ’ ಕಾದಂಬರಿ ಬರೆದ. ಅವನ ಅಪ್ಪ ಫ್ರಾನ್ಸ್‌ನವನು ಅನ್ನುವುದನ್ನು ಗಮನಿಸಿ. ಆ ಕಾದಂಬರಿಯ ವಸ್ತುವೇ ನಿಮ್ಮ ಜುಲೈ 11. 1302ರ ಆ ದಿನ ಕೊರ್ಟ್ರೈಕ್ ಊರಿನ ಹೊರಗೆ ನೇಕಾರರು, ಕಸಾಯಿಗಳು, ಕುಶಲಕರ್ಮಿಗಳು ಕಾಲಾಳುಗಳಾಗಿ ನಿಂತು ಫ್ರೆಂಚ್ ರಾಜನ ಕುದುರೆ ಸವಾರರನ್ನು ಸೋಲಿಸಿದರು. ಸತ್ತ ಸವಾರರ ಬೂಟಿನಿಂದ ಕಿತ್ತ, ಕುದುರೆ ತಿವಿಯುವ ಚಿನ್ನದ ಬಣ್ಣದ ಮುಳ್ಳುಗಳನ್ನು ಚರ್ಚಿನಲ್ಲಿ ನೇತು ಹಾಕಿದರು. ಅದಕ್ಕೇ ‘ಚಿನ್ನದ ಮುಳ್ಳುಗಳ ಯುದ್ಧ’ ಅನ್ನುವ ಹೆಸರು.

ಆದರೆ ಒಂದು ಮಾತು. ಅದು ಭಾಷೆಗಾಗಿ ನಡೆದ ಯುದ್ಧವಲ್ಲ. ಫ್ಲೆಮಿಶ್ ಸೈನ್ಯದ ನಾಯಕರಲ್ಲಿ ಒಬ್ಬ ಗೈ, ಇವತ್ತಿನ ವಲೋನಿಯಾದಲ್ಲಿರುವ ನಮೂರ್‌ಗೆ ಸೇರಿದವನು. ನೀವಿರುವ ಲೂವೆನ್ ಆಗ ಫ್ಲಾಂಡರ್ಸ್‌ನಲ್ಲೇ ಇರಲಿಲ್ಲ, ಬ್ರಬಾಂಟ್ ಅನ್ನುವ ಬೇರೆ ಸಂಸ್ಥಾನದಲ್ಲಿತ್ತು. ಬ್ರಬಾಂಟ್‌ನ ಒಬ್ಬ ರಾಜಕುಮಾರ ಅವತ್ತು ಫ್ರೆಂಚರ ಪರ ಹೋರಾಡಿ ಸತ್ತ. ಡಚ್ ಮಾತಾಡುವ ಇಡೀ ಸೀಮೆಯನ್ನು ‘ಫ್ಲಾಂಡರ್ಸ್’ ಅಂತ ಕರೆಯುವುದು 19ನೇ ಶತಮಾನದಲ್ಲಿ ಬೆಳೆದ ಅಭ್ಯಾಸ. ಇದನ್ನು ಹೇಳಿ ಆ ಹಬ್ಬವನ್ನು ಸಣ್ಣದು ಮಾಡಬೇಕು ಅಂತ ನನಗಿಲ್ಲ. ತನಗೆ ಬೆಲೆಯೇ ಇಲ್ಲ ಅಂದುಕೊಂಡಿದ್ದ ಜನಕ್ಕೆ ನೆನಪಿಟ್ಟುಕೊಳ್ಳಲು ಒಂದು ಗೆಲುವು ಬೇಕಿತ್ತು.

ಮತದ ಹಕ್ಕು ಬಂದ ಮೇಲೆ ಎಲ್ಲ ತಿರುಗಿತು. 1893ರಲ್ಲಿ ಎಲ್ಲ ಗಂಡಸರಿಗೂ ಮತ ಸಿಕ್ಕಿತು, ಉಳ್ಳವರಿಗೆ ಎರಡು-ಮೂರು ಮತ ಇದ್ದರೂ ಬಡವನಿಗೂ ಒಂದು ಸಿಕ್ಕಿತು. ಬರೀ ಐದು ವರ್ಷಕ್ಕೆ, 1898ರಲ್ಲಿ, ಕಾನೂನುಗಳ ಡಚ್ ಪಠ್ಯಕ್ಕೂ ಫ್ರೆಂಚ್‌ನಷ್ಟೇ ಮಾನ್ಯತೆ ಅನ್ನುವ ಸಮಾನತೆ ಕಾನೂನು ಪಾಸಾಯಿತು. ಫ್ರೆಂಚ್ ಮಾತಾಡುವವರಿಗೆ ಆಗಲೇ ದಿಗಿಲು. 1912ರಲ್ಲಿ ವಲೂನ್ ಸಮಾಜವಾದಿ ಜೂಲ್ ಡೆಸ್ಟ್ರೇ ರಾಜನಿಗೆ ಬಹಿರಂಗ ಪತ್ರ ಬರೆದು, ಇಲ್ಲಿ ಫ್ಲೆಮಿಶರಿದ್ದಾರೆ, ವಲೂನರಿದ್ದಾರೆ, ಬೆಲ್ಜಿಯನ್ನರು ಅಂತ ಯಾರೂ ಇಲ್ಲ ಅಂದ. ಬೇರೆಯಾಗುವ ಮಾತನ್ನು ಫ್ಲೆಮಿಶರು ಮಾತ್ರ ಆಡಿದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ಮೊದಲ ಮಹಾಯುದ್ಧ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಬರೀ ಭಾಷೆಯ ಬೇಡಿಕೆ ರಾಷ್ಟ್ರೀಯವಾದವಾಗಿ ಮಾರ್ಪಟ್ಟಿದ್ದು ಇಲ್ಲೇ.

1914ರಿಂದ ನಾಲ್ಕು ವರ್ಷ ಬೆಲ್ಜಿಯಂ ಸೈನ್ಯ ಐಸರ್ ನದಿಯ ಹಿಂದಿನ ಕೆಸರಿನ ಕಂದಕಗಳಲ್ಲಿ ಕೂತಿತ್ತು. ಸಿಪಾಯಿಗಳಲ್ಲಿ ಜಾಸ್ತಿ ಫ್ಲೆಮಿಶರು, ಅಧಿಕಾರಿಗಳಲ್ಲಿ ಜಾಸ್ತಿ ಫ್ರೆಂಚ್ ಮಾತಾಡುವವರು. ಆದೇಶ ಅರ್ಥವಾಗದೇ ಸಾವಿರಾರು ಜನ ಸತ್ತರು ಅನ್ನುವ ಕಥೆ ಈಗಲೂ ಓಡಾಡುತ್ತದೆ. ಅಷ್ಟರ ಮಟ್ಟಿಗೆ ಅದಕ್ಕೆ ಆಧಾರವಿಲ್ಲ. ಆದರೆ ತನ್ನ ಭಾಷೆಯಲ್ಲಿ ಒಂದು ಮಾತೂ ಆಡದ ಅಧಿಕಾರಿಯ ಕೆಳಗೆ ನಾಲ್ಕು ವರ್ಷ ಸಾವಿನ ಪಕ್ಕ ಕೂರುವ ಅವಮಾನ ನಿಜವಾದದ್ದು. ಅಲ್ಲಿ ಓದಿದ ಹುಡುಗರು, ಪಾದ್ರಿಗಳು ಸೇರಿ ಗುಟ್ಟಾಗಿ ‘ಫ್ರಂಟ್ ಚಳವಳಿ’ ಕಟ್ಟಿದರು. ಸತ್ತ ಗೆಳೆಯರಿಗೆ ಸೆಲ್ಟಿಕ್ ಶಿಲುಬೆಯ ಆಕಾರದ ಸಮಾಧಿಕಲ್ಲು ನಿಲ್ಲಿಸಿದರು. ಕಲಾವಿದ ಜೋ ಇಂಗ್ಲಿಷ್ ಅದರ ವಿನ್ಯಾಸ ಮಾಡಿದ. ಕಲ್ಲಿನ ಮೇಲೆ ‘ಎಲ್ಲವೂ ಫ್ಲಾಂಡರ್ಸ್‌ಗಾಗಿ, ಫ್ಲಾಂಡರ್ಸ್ ಕ್ರಿಸ್ತನಿಗಾಗಿ’ ಅನ್ನುವುದರ ಮೊದಲಕ್ಷರಗಳು. 1918ರಲ್ಲಿ ಒಂದು ರಾತ್ರಿ ಊರೆನ್ ಸ್ಮಶಾನದಲ್ಲಿ ಯಾರೋ ಆ ಅಕ್ಷರಗಳ ಮೇಲೆ ಸಿಮೆಂಟ್ ಬಳಿದರು. ಯುದ್ಧ ಮುಗಿದು 1925ರಲ್ಲಿ ಇಂಥ ನೂರಾರು ಕಲ್ಲುಗಳನ್ನು ಪುಡಿ ಮಾಡಿ ರಸ್ತೆಗೆ ಹಾಕಿದರು. ದೇಶಕ್ಕಾಗಿ ಸತ್ತ ಮಗನ ಸಮಾಧಿಕಲ್ಲನ್ನು ಆ ದೇಶವೇ ರಸ್ತೆಗೆ ಜಲ್ಲಿ ಮಾಡಿತು. ಇದರ ಸಿಟ್ಟು ಯಾವ ಭಾಷಣದಿಂದಲೂ ಬರುವಂಥದ್ದಲ್ಲ.

ಡಿಕ್ಸ್‌ಮೌಡೆ ಊರಿನಲ್ಲಿ ಇವರ ನೆನಪಿಗೆ ಐಸರ್ ಗೋಪುರ ಎದ್ದಿತು. ಅದನ್ನು 1946ರ ಮಾರ್ಚ್‌ನಲ್ಲಿ ರಾತ್ರೋರಾತ್ರಿ ಡೈನಮೈಟ್ ಇಟ್ಟು ಉರುಳಿಸಿದರು. ಯಾರು ಅಂತ ಇವತ್ತಿಗೂ ಪತ್ತೆಯಾಗಿಲ್ಲ. ಈಗಿರುವ 84 ಮೀಟರ್ ಗೋಪುರ 1965ರದ್ದು. ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಲಿಫ್ಟ್‌ನಲ್ಲಿ ತುದಿಗೆ ಹೋಗಿ, ಒಂದೊಂದೇ ಮಹಡಿಯ ಪ್ರದರ್ಶನ ನೋಡುತ್ತಾ ಇಳಿಯಬಹುದು. ಬುಡದಲ್ಲಿ ‘ಇನ್ನೆಂದೂ ಯುದ್ಧ ಬೇಡ’ ಅಂತ ನಾಲ್ಕು ಭಾಷೆಯಲ್ಲಿ ಬರೆದಿದೆ. ಅಲ್ಲಿನ ನೆಲಮಾಳಿಗೆಯ ಸಮಾಧಿಯಲ್ಲಿ ವಾನ್ ರಾಮ್‌ಡಾಂಕ್ ಅಣ್ಣತಮ್ಮಂದಿರಿದ್ದಾರೆ. 1917ರಲ್ಲಿ ಗಾಯಗೊಂಡ ಒಬ್ಬನನ್ನು ಹುಡುಕಿಕೊಂಡು ಇನ್ನೊಬ್ಬ ಹೋದ, ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಸತ್ತರು ಅನ್ನುವುದು ಹೇಳಿಕೊಂಡು ಬಂದ ಕಥೆ. ನಿಜ ಏನಂದರೆ, ಒಬ್ಬ ಸಹೋದರ ಸತ್ತು ಬಿದ್ದಿದ್ದು ಏಮೆ ಫಿಯೆವೆ ಅನ್ನುವ ವಲೂನ್ ಸಿಪಾಯಿಯ ತೋಳಿನಲ್ಲಿ. ಮೂವರ ಅಸ್ಥಿಯೂ ಈಗ ಒಟ್ಟಿಗೇ ಇದೆ. ಫ್ಲೆಮಿಶ್ ರಾಷ್ಟ್ರೀಯವಾದದ ಅತಿ ಪವಿತ್ರ ಜಾಗದಲ್ಲಿ ಒಬ್ಬ ವಲೂನ್ ಮಲಗಿದ್ದಾನೆ. ಇದನ್ನು ಓದಿದಾಗಿನಿಂದ ಆ ಗೋಪುರದ ಚಿತ್ರ ಕಂಡಾಗೆಲ್ಲ ನನಗೆ ಅವನೇ ನೆನಪಾಗುತ್ತಾನೆ.

ಆದರೆ ಯುದ್ಧದ ಇನ್ನೊಂದು ಮುಖವೂ ಇದೆ. ಫ್ಲೆಮಿಶರ ಅಸಮಾಧಾನವನ್ನು ಜರ್ಮನರು ಚೆನ್ನಾಗಿ ಬಳಸಿಕೊಂಡರು. 1916ರಲ್ಲಿ ಘೆಂಟ್ ವಿಶ್ವವಿದ್ಯಾಲಯವನ್ನು ಡಚ್ ಮಾಡಿಕೊಟ್ಟರು. ಕೆಲವರು ಅದಕ್ಕೆ ಕೈಚಾಚಿದರು. ಪರಿಣಾಮ ಏನಾಯಿತು? ಯುದ್ಧ ಮುಗಿದ ಮೇಲೆ ಡಚ್ ಕೇಳಿದವರನ್ನೆಲ್ಲ ದ್ರೋಹಿ ಅನ್ನುವುದು ಸುಲಭವಾಯಿತು. ಘೆಂಟ್ ಮತ್ತೆ ಪೂರ್ತಿ ಡಚ್ ಆಗಲು 1930ರವರೆಗೆ ಕಾಯಬೇಕಾಯಿತು. 1932ರಲ್ಲಿ ಫ್ಲಾಂಡರ್ಸ್‌ನಲ್ಲಿ ಡಚ್, ವಲೋನಿಯಾದಲ್ಲಿ ಫ್ರೆಂಚ್ ಅನ್ನುವ ಆಡಳಿತ ಮತ್ತು ಶಿಕ್ಷಣದ ಕಾನೂನು ಬಂತು. ಇಡೀ ದೇಶದಲ್ಲಿ ಎರಡೂ ಭಾಷೆ ಇರಲಿ ಅನ್ನುವುದನ್ನು ಬೇಡ ಅಂದವರಲ್ಲಿ ವಲೂನರೇ ಮುಂದಿದ್ದರು. ತಮ್ಮ ಊರಿನಲ್ಲಿ ಡಚ್ ಕಲಿಯುವ ಪಾಡು ಅವರಿಗೆ ಬೇಡವಾಗಿತ್ತು.

ಎರಡನೇ ಮಹಾಯುದ್ಧದಲ್ಲಿ ಆದದ್ದನ್ನು ಮುಚ್ಚಿಡುವುದು ಬೇಡ. 1933ರಲ್ಲಿ ಸ್ಟಾಫ್ ಡೆ ಕ್ಲೆರ್ಕ್ ಕಟ್ಟಿದ ವಿಎನ್‌ವಿ ಅನ್ನುವ ಫ್ಲೆಮಿಶ್ ರಾಷ್ಟ್ರೀಯವಾದಿ ಪಕ್ಷ ನಾಜಿಗಳ ಜತೆ ಸೇರಿತು. ಪೂರ್ವದ ರಣರಂಗಕ್ಕೆ ಹುಡುಗರನ್ನು ಕಳಿಸಿತು, ಯಹೂದಿಗಳನ್ನು ಹಿಡಿದುಕೊಟ್ಟ ಆಡಳಿತದ ಭಾಗವಾಯಿತು. ‘ಫ್ಲಾಂಡರ್ಸ್‌ಗೆ ನ್ಯಾಯ ಸಿಗಲಿ ಅಂತ ಮಾಡಿದರು ಪಾಪ’ ಅನ್ನುವ ಸಮರ್ಥನೆ ಅಲ್ಲಿ ಬಹಳ ಕಾಲ ನಡೆಯಿತು. ನಾನು ಇದನ್ನು ಒಪ್ಪುವುದಿಲ್ಲ. ಭಾಷೆಯ ಬೇಡಿಕೆಗಳಲ್ಲಿ ಬಹುಪಾಲು ಅಷ್ಟರೊಳಗೆ ಕಾನೂನಾಗಿದ್ದವು. ಇವರಿಗೆ ಬೇಕಿದ್ದುದು ಅಧಿಕಾರ. ಯುದ್ಧದ ನಂತರ ಬೆಲ್ಜಿಯಂ 242 ಜನರಿಗೆ ಮರಣದಂಡನೆ ಜಾರಿ ಮಾಡಿತು. ಅವರಲ್ಲಿ ವಲೂನರೂ ಇದ್ದರು. ಆದರೂ ಫ್ಲಾಂಡರ್ಸ್‌ನಲ್ಲಿ ಅನೇಕರು ಇದನ್ನು ‘ನಮ್ಮ ಮೇಲಿನ ಸೇಡು’ ಅಂತಲೇ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟರು. ಇವತ್ತಿನ ಕೆಲವು ರಾಜಕಾರಣಿಗಳ ಮನೆತನಗಳ ಹಿಂದೆಯೂ ಈ ನೆನಪಿದೆ.

1950ರಲ್ಲಿ ದೇಶ ಎಷ್ಟು ಸೀಳಿದೆ ಅನ್ನುವುದು ಅಂಕಿಯಲ್ಲೇ ಕಂಡಿತು. ಯುದ್ಧದಲ್ಲಿ ಶರಣಾಗಿದ್ದ ಮೂರನೇ ಲಿಯೋಪೋಲ್ಡ್ ರಾಜ ವಾಪಸ್ ಬರಲಾ ಅಂತ ಜನಮತ ಕೇಳಿದರು. ಫ್ಲಾಂಡರ್ಸ್‌ನಲ್ಲಿ ಶೇ 72 ಜನ ಹೌದು ಅಂದರು, ವಲೋನಿಯಾದಲ್ಲಿ ಶೇ 42 ಮಾತ್ರ. ಒಟ್ಟು ಲೆಕ್ಕದಲ್ಲಿ ರಾಜ ಗೆದ್ದ. ಆದರೆ ವಲೋನಿಯಾದಲ್ಲಿ ಮುಷ್ಕರ, ಗೋಲಿಬಾರ್ ಆಗಿ ಕೊನೆಗೆ ಮಗನಿಗೆ ಪಟ್ಟ ಬಿಟ್ಟ. ನಾವು ಬಹುಮತ ಇದ್ದರೂ ನಮ್ಮ ಮಾತು ನಡೆಯಲ್ಲ ಅನ್ನುವುದು ಫ್ಲೆಮಿಶರ ಮನಸ್ಸಿನಲ್ಲಿ ಕೂತಿತು.

1960ರ ದಶಕದಲ್ಲಿ ಎರಡು ತಕ್ಕಡಿಯೂ ಅದಲುಬದಲಾದವು. ವಲೋನಿಯಾದ ಗಣಿಗಳು ಮುಚ್ಚತೊಡಗಿದವು. ಆಂಟ್‌ವರ್ಪ್ ಬಂದರು ಬೆಳೆಯಿತು, ಗೆಂಕ್‌ನಲ್ಲಿ ಫೋರ್ಡ್ ಕಾರು ಕಾರ್ಖಾನೆ ಬಂತು, ಘೆಂಟ್ ಪಕ್ಕ ಉಕ್ಕಿನ ಹೊಸ ಕಾರ್ಖಾನೆ ಎದ್ದಿತು. ತಲಾ ಆದಾಯದಲ್ಲಿ ಫ್ಲಾಂಡರ್ಸ್ ಮುಂದೆ ಹೋಯಿತು. ಈಗ ವಲೂನರಿಗೆ ಭಯ. 1960-61ರ ಚಳಿಗಾಲದ ದೊಡ್ಡ ಮುಷ್ಕರದ ನಾಯಕ ಆಂದ್ರೆ ರೆನಾರ್, ನಮ್ಮ ಆರ್ಥಿಕತೆ ನಮ್ಮ ಕೈಗೆ ಕೊಡಿ ಅಂದ. ಫ್ಲೆಮಿಶರು ಭಾಷೆ-ಸಂಸ್ಕೃತಿಯ ಅಧಿಕಾರ ಕೇಳಿದರು, ವಲೂನರು ಆರ್ಥಿಕ ಅಧಿಕಾರ ಕೇಳಿದರು. ಇಬ್ಬರಿಗೂ ಕೊಟ್ಟರು. ಅದಕ್ಕೇ ಬೆಲ್ಜಿಯಂನಲ್ಲಿ ಮೂರು ಭಾಷಾ ‘ಸಮುದಾಯ’, ಮೂರು ‘ಪ್ರದೇಶ’ ಅಂತ ಎರಡೆರಡು ಪದರ ಇರುವುದು. ಹೊಸಬರಿಗೆ ತಲೆ ಕೆಡಿಸುವ ಆ ಗೋಜಲು ಹುಚ್ಚಾಟವಲ್ಲ, ಎರಡು ಬೇರೆ ಬೇಡಿಕೆಗಳ ಗುರುತು.

1962-63ರಲ್ಲಿ ಭಾಷಾ ಗಡಿಯನ್ನು ಕಾನೂನಿನಲ್ಲೇ ಎಳೆದು ನಿಲ್ಲಿಸಿದರು. ನೀವು ಧಾರವಾಡದವರು, ಬೆಳಗಾವಿ ಪಕ್ಕದಲ್ಲೇ ಇದೆ, ಗಡಿ ಎಳೆದರೆ ಏನಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆರು ಹಳ್ಳಿಗಳ ವೂರೆನ್ ಅನ್ನುವ ಪುಟ್ಟ ಜಾಗ, ಸುಮಾರು 4 ಸಾವಿರ ಜನ. ಅದನ್ನು ಲಿಯೇಜ್‌ನಿಂದ ತೆಗೆದು ಫ್ಲಾಂಡರ್ಸ್‌ನ ಲಿಂಬರ್ಗ್‌ಗೆ ಸೇರಿಸಿದರು. ಅಲ್ಲಿನ ಮೇಯರ್ ಆದ, ಫ್ರೆಂಚ್ ಮಾತಾಡುವ ಜೋಸೆ ಹಪ್ಪಾರ್ ಡಚ್ ಪರೀಕ್ಷೆಗೆ ಕೂರಲ್ಲ ಅಂದ. 1987ರಲ್ಲಿ ಇದೇ ಜಗಳಕ್ಕೆ ಇಡೀ ದೇಶದ ಸರ್ಕಾರ ಬಿತ್ತು. ಬ್ರಸೆಲ್ಸ್ ಸುತ್ತಲಿನ ಆರು ಊರುಗಳಲ್ಲಿ ಫ್ರೆಂಚ್ ಮಾತಾಡುವವರಿಗೆ ಸರ್ಕಾರಿ ಕಾಗದವನ್ನು ಫ್ರೆಂಚ್‌ನಲ್ಲಿ ಪಡೆಯುವಂಥ ‘ಸೌಲಭ್ಯ’ ಕೊಟ್ಟರು. ಇದು ಶಾಶ್ವತ ಹಕ್ಕು ಅಂತ ಅವರು, ಡಚ್ ಕಲಿಯುವವರೆಗಿನ ವ್ಯವಸ್ಥೆ ಅಂತ ಫ್ಲೆಮಿಶರು. ಫ್ರೆಂಚ್ ಕಾಗದ ಬೇಕಾದರೆ ಪ್ರತಿ ಸಲವೂ ಹೊಸದಾಗಿ ಕೇಳಬೇಕು ಅಂತ 1997ರಲ್ಲಿ ಫ್ಲೆಮಿಶ್ ಸರ್ಕಾರ ಸುತ್ತೋಲೆ ಹೊರಡಿಸಿತು. ನ್ಯಾಯವಾಗಿ ಶುರುವಾದ ಹೋರಾಟ ಇಲ್ಲಿ ಕಿರಿಕಿರಿ ಕೊಡುವ ಮಟ್ಟಕ್ಕೆ ಇಳಿಯಿತು ಅಂತಲೇ ನನ್ನ ಅನಿಸಿಕೆ.

ನಿಮ್ಮ ಲೂವೆನ್ ಕಥೆ ಇನ್ನೂ ದೊಡ್ಡದು. ಫ್ಲಾಂಡರ್ಸ್ ನೆಲದಲ್ಲಿದ್ದ ಆ ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಎರಡೂ ಭಾಷೆಯ ವಿಭಾಗಗಳಿದ್ದವು. ಫ್ರೆಂಚ್ ವಿಭಾಗ ಬೆಳೆದಂತೆ ಲೂವೆನ್ನೂ ಬ್ರಸೆಲ್ಸ್ ಹಾಗೆ ಫ್ರೆಂಚ್ ಆಗಿಬಿಡುತ್ತದೆ ಅನ್ನುವ ಭಯ. 1966ರಿಂದ ವಿದ್ಯಾರ್ಥಿಗಳು ಬೀದಿಗಿಳಿದು ‘ವಲೂನರೇ ಹೊರಗೆ’ ಅಂತ ಕೂಗಿದರು. 1968ರ ಫೆಬ್ರುವರಿಯಲ್ಲಿ ಸರ್ಕಾರ ಬಿತ್ತು, ವಿಶ್ವವಿದ್ಯಾಲಯ ಇಬ್ಭಾಗವಾಯಿತು. ಫ್ರೆಂಚ್ ಭಾಗಕ್ಕೆ ಗದ್ದೆಯ ನಡುವೆ ‘ಲೂವೆನ್-ಲಾ-ನವ್’ ಅಂತ ಹೊಸ ಊರನ್ನೇ ಕಟ್ಟಿದರು. ಲೈಬ್ರರಿ ಹಂಚುವಾಗ ಕಪಾಟಿನ ನಂಬರ್ ನೋಡಿ, ಸರಿ ಸಂಖ್ಯೆಯವು ಒಬ್ಬರಿಗೆ, ಬೆಸ ಸಂಖ್ಯೆಯವು ಇನ್ನೊಬ್ಬರಿಗೆ ಅಂತ ಪಾಲು ಮಾಡಿದರು. ಮೊದಲನೇ ಮಹಾಯುದ್ಧದಲ್ಲಿ ಜರ್ಮನರು ಸುಟ್ಟಿದ್ದು ಇದೇ ವಿಶ್ವವಿದ್ಯಾಲಯದ ಲೈಬ್ರರಿಯನ್ನು. ಎರಡನೇ ಯುದ್ಧದಲ್ಲಿ ಅದು ಮತ್ತೆ ಬೆಂದಿತು. ಇಷ್ಟು ಕಷ್ಟಪಟ್ಟು ಮತ್ತೆ ಕೂಡಿಸಿದ ಪುಸ್ತಕಗಳನ್ನು ಆಸ್ತಿ ಪಾಲಾಗುವಾಗ ಪಾತ್ರೆ ಹಂಚಿದ ಹಾಗೆ ಹಂಚಿಕೊಂಡರಲ್ಲ, ಅದು ನನಗೆ ಸಂಕಟ ಕೊಡುತ್ತದೆ.

ಆ ಗಲಾಟೆಯಲ್ಲೇ ಅದಕ್ಕಿಂತ ದೊಡ್ಡದೊಂದು ಒಡೆಯಿತು, ಅದು ಬಹಳ ಜನರ ಗಮನಕ್ಕೆ ಬರುವುದಿಲ್ಲ. 1968ರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷ ಭಾಷೆಯ ಮೇಲೆ ಎರಡಾಯಿತು. 1972ರಲ್ಲಿ ಲಿಬರಲ್ ಪಕ್ಷ, 1978ರಲ್ಲಿ ಸಮಾಜವಾದಿ ಪಕ್ಷವೂ ಎರಡಾದವು. ನಮ್ಮಲ್ಲಿ ಕಾಂಗ್ರೆಸ್ಸೋ ಬಿಜೆಪಿಯೋ ಕರ್ನಾಟಕದಲ್ಲೂ ಮತ ಕೇಳಬೇಕು, ಉತ್ತರ ಪ್ರದೇಶದಲ್ಲೂ ಕೇಳಬೇಕು. ಒಂದು ಕಡೆ ತೀರಾ ಬಿಟ್ಟುಕೊಟ್ಟರೆ ಇನ್ನೊಂದು ಕಡೆ ಪೆಟ್ಟು ಬೀಳುತ್ತದೆ. ಬೆಲ್ಜಿಯಂನಲ್ಲಿ ಆ ಲಗಾಮು ಇಲ್ಲ. ಎಡಪಂಥದ ಒಂದು ಪಕ್ಷ ಬಿಟ್ಟರೆ ದೇಶವಿಡೀ ನಿಲ್ಲುವ ಮುಖ್ಯ ಪಕ್ಷವೇ ಇಲ್ಲ. ಆಂಟ್‌ವರ್ಪ್‌ನ ಮತದಾರ ಲಿಯೇಜ್‌ನ ರಾಜಕಾರಣಿಯನ್ನು ಮೆಚ್ಚಲೂ ಆಗದು, ಸೋಲಿಸಲೂ ಆಗದು. ಬೇರೆಯಾಗುವ ಮಾತು ಇಷ್ಟು ಸುಲಭವಾಗಿ ಮತ ತರುವುದಕ್ಕೆ ದೊಡ್ಡ ಕಾರಣ ಇದೇ ಅಂತ ನಾನು ನಂಬಿದ್ದೇನೆ.

ಜತೆಗೆ, ಬಹುಸಂಖ್ಯಾತರು ಕೇಂದ್ರದಲ್ಲಿ ತಮ್ಮ ಬಹುಮತವನ್ನು ಕಾಗದದ ಮೇಲೆ ಬಿಟ್ಟುಕೊಟ್ಟಿದ್ದಾರೆ. 1970ರ ಸಂವಿಧಾನ ತಿದ್ದುಪಡಿ ಪ್ರಕಾರ ಪ್ರಧಾನಿಯನ್ನು ಬಿಟ್ಟು ಸಂಪುಟದಲ್ಲಿ ಡಚ್ ಮತ್ತು ಫ್ರೆಂಚ್ ಮಾತಾಡುವ ಮಂತ್ರಿಗಳು ಸಮಸಮ ಇರಬೇಕು. ರಾಜ್ಯ ವ್ಯವಸ್ಥೆ ಬದಲಿಸುವ ವಿಶೇಷ ಕಾನೂನುಗಳಿಗೆ ಒಟ್ಟು ಮೂರನೇ ಎರಡರಷ್ಟು ಮತ ಸಾಲದು, ಎರಡೂ ಭಾಷಾ ಗುಂಪುಗಳ ಒಳಗೂ ಬಹುಮತ ಬೇಕು. ಅದಕ್ಕೆ ಬದಲಾಗಿ ಫ್ಲೆಮಿಶರಿಗೆ ತಮ್ಮ ಮನೆಯ ಯಜಮಾನಿಕೆ ಸಿಕ್ಕಿತು. ಹಂತಹಂತವಾಗಿ ಅಧಿಕಾರ ಕೆಳಗಿಳಿದು, 1993ರಲ್ಲಿ ಸಂವಿಧಾನದ ಮೊದಲ ವಾಕ್ಯವೇ ಬೆಲ್ಜಿಯಂ ಒಂದು ಒಕ್ಕೂಟ ರಾಜ್ಯ ಅಂತಾಯಿತು. ಜಾಸ್ತಿ ಜನ ಇದ್ದೂ ಇಡೀ ದೇಶವನ್ನು ಆಳದೆ ಬೇರೆಯಾಗಬೇಕು ಅಂತ ಯಾಕೆ ಅನ್ನುವುದು ನಿಮ್ಮ ಪ್ರಶ್ನೆ. ಆಳುವ ದಾರಿಯನ್ನು ಮುಚ್ಚಿ, ಹಂಚಿಕೊಳ್ಳುವ ದಾರಿಯನ್ನು ತೆರೆದಿಟ್ಟಿದ್ದಾರೆ.

ಹಾಗಾದರೆ ಭಾಷೆಯ ಹೋರಾಟ ಗೆದ್ದಾಯಿತಲ್ಲ, ಇನ್ನೇನು ಉಳಿಯಿತು? ದುಡ್ಡು. ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ಭತ್ಯೆ ಈಗಲೂ ಮುಖ್ಯವಾಗಿ ಕೇಂದ್ರದ ಕೈಯಲ್ಲಿವೆ. ಫ್ಲಾಂಡರ್ಸ್‌ನಲ್ಲಿ ದುಡಿಯುವವರು ಕಟ್ಟಿದ್ದರಲ್ಲಿ ಒಂದಷ್ಟು ಪ್ರತಿವರ್ಷ ವಲೋನಿಯಾಗೆ ಹೋಗುತ್ತದೆ. ಒಂದೇ ದೇಶದೊಳಗೆ ಉಳ್ಳ ಕಡೆಯಿಂದ ಇಲ್ಲದ ಕಡೆಗೆ ದುಡ್ಡು ಹರಿಯುವುದು ಸಹಜ ಅನ್ನುತ್ತಾರೆ ಕೆಲವರು. ಲೆಕ್ಕವೂ ಇಲ್ಲ, ಕೊನೆಯೂ ಇಲ್ಲ ಅನ್ನುತ್ತಾರೆ ಇನ್ನು ಕೆಲವರು. 2005ರಲ್ಲಿ ಎನ್-ವಿಎ ಅನ್ನುವ ಫ್ಲೆಮಿಶ್ ರಾಷ್ಟ್ರೀಯವಾದಿ ಪಕ್ಷದವರು 12 ಟ್ರಕ್‌ಗಳಲ್ಲಿ ನಕಲಿ ನೋಟು ತುಂಬಿಕೊಂಡು ವಲೋನಿಯಾದ ಸ್ಟ್ರೆಪಿ-ತ್ಯೂ ದೋಣಿ ಲಿಫ್ಟ್ ಹತ್ತಿರ ಹೋಗಿ, ‘ನೋಡಿ, ಇಷ್ಟು ದುಡ್ಡು ಹೋಗುತ್ತಿದೆ’ ಅಂತ ತೋರಿಸಿದರು. ಮೂರು ತಲೆಮಾರಿನ ಹಿಂದೆ ಇದೇ ವಲೋನಿಯಾದ ಗಣಿಗಳು ಹಸಿದ ಫ್ಲೆಮಿಶರಿಗೆ ಕೂಲಿ ಕೊಟ್ಟಿದ್ದವು ಅನ್ನುವುದನ್ನು ಆ ಟ್ರಕ್‌ಗಳ ಜತೆ ಯಾರಾದರೂ ನೆನಪಿಸಬೇಕಿತ್ತು.

ಈಗಿನ ಪಕ್ಷಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1954ರಲ್ಲಿ ಹುಟ್ಟಿದ ಫೋಕ್ಸ್‌ಯುನಿ ಅನ್ನುವ ಫ್ಲೆಮಿಶ್ ರಾಷ್ಟ್ರೀಯವಾದಿ ಪಕ್ಷದಲ್ಲಿ ಎಡದವರೂ ಬಲದವರೂ ಇದ್ದರು. ಅಧಿಕಾರ ಹಂಚಿಕೆಯ 1977ರ ಎಗ್ಮಾಂಟ್ ಒಪ್ಪಂದದಲ್ಲಿ ಅದು ರಾಜಿ ಮಾಡಿಕೊಂಡಿತು ಅಂತ ಸಿಟ್ಟಾದವರು ಹೊರಹೋಗಿ ವ್ಲಾಮ್ಸ್ ಬ್ಲಾಕ್ ಕಟ್ಟಿದರು. ಅದು ಬೆಳೆದಿದ್ದು ಭಾಷೆಯಿಂದಲ್ಲ, ವಲಸಿಗರ ವಿರೋಧದಿಂದ. 1991ರಲ್ಲಿ ಅದು ದೊಡ್ಡ ಗೆಲುವು ಪಡೆದ ದಿನವನ್ನು ಅಲ್ಲಿ ‘ಕಪ್ಪು ಭಾನುವಾರ’ ಅನ್ನುತ್ತಾರೆ. ಉಳಿದ ಪಕ್ಷಗಳು ಅದರ ಜತೆ ಸರ್ಕಾರ ಮಾಡಲ್ಲ ಅಂತ ಬೇಲಿ ಹಾಕಿಕೊಂಡವು. 2004ರಲ್ಲಿ ಕೋರ್ಟು ಜನಾಂಗ ದ್ವೇಷದ ತೀರ್ಪು ಎತ್ತಿಹಿಡಿದಾಗ ಅದು ವ್ಲಾಮ್ಸ್ ಬೆಲಾಂಗ್ ಅಂತ ಹೆಸರು ಬದಲಿಸಿಕೊಂಡಿತು. ಇತ್ತ 2001ರಲ್ಲಿ ಫೋಕ್ಸ್‌ಯುನಿ ಒಡೆದು ಎನ್-ವಿಎ ಹುಟ್ಟಿತು. ಬಾರ್ಟ್ ಡೆ ವೇವರ್ ನಾಯಕತ್ವದಲ್ಲಿ 2010ರಲ್ಲಿ ಅತಿ ದೊಡ್ಡ ಪಕ್ಷವಾಯಿತು. ಆ ಚುನಾವಣೆ ಆದ ಮೇಲೆ ಸರ್ಕಾರ ರಚನೆಗೆ 541 ದಿನ ಹಿಡಿಯಿತು. ಎನ್-ವಿಎ ಸಂಪ್ರದಾಯವಾದಿ ಪಕ್ಷ, ಚುನಾವಣೆ ಮತ್ತು ಸಂಸತ್ತಿನ ದಾರಿಯಲ್ಲಿ ನಡೆಯುತ್ತದೆ, ವಲಸೆ ವಿಷಯದಲ್ಲಿ ಬಿಗಿ. ಅದನ್ನೂ ಬೆಲಾಂಗ್ ಅನ್ನೂ ಒಂದೇ ತಟ್ಟೆಗೆ ಹಾಕುವುದು ತಪ್ಪು. ಆದರೆ 2024ರ ಫ್ಲೆಮಿಶ್ ಸಂಸತ್ತಿನ ಚುನಾವಣೆಯಲ್ಲಿ 124 ಸ್ಥಾನಗಳಲ್ಲಿ ಇಬ್ಬರಿಗೂ ತಲಾ 31 ಬಂದವು. ಸರಿಯಾಗಿ ಅರ್ಧ. ಬೇಲಿಯ ಮೇಲೆ ಒತ್ತಡ ಎಷ್ಟಿದೆ ಅಂತ ನೀವೇ ಊಹಿಸಿ. ನಿಮ್ಮಂಥ ಹೊಸಬರಿಗೆ, ಅಲ್ಲಿರುವ ಮೊರೊಕ್ಕೊ ಮೂಲದವರಿಗೆ, ಈ ಎರಡು ಪಕ್ಷಗಳ ನಡುವಿನ ವ್ಯತ್ಯಾಸ ಬರೀ ಓದುವ ವಿಷಯವಲ್ಲ.

ಕೊನೆಯ ಪ್ರಶ್ನೆ, ದೇಶ ಒಡೆಯುತ್ತದಾ? 2006ರ ಡಿಸೆಂಬರ್ 13ರಂದು ಫ್ರೆಂಚ್ ಭಾಷೆಯ ಸರ್ಕಾರಿ ಟಿವಿ ಕಾರ್ಯಕ್ರಮ ನಿಲ್ಲಿಸಿ, ಫ್ಲಾಂಡರ್ಸ್ ಸ್ವಾತಂತ್ರ್ಯ ಘೋಷಿಸಿದೆ ಅಂತ ಸುದ್ದಿ ಹೇಳಿತು. ಕಟ್ಟುಕಥೆ. ಆದರೆ ಎಷ್ಟೋ ಜನ ನಂಬಿ ಗಾಬರಿಯಾದರು. ಅಂದರೆ ಆಗಬಹುದು ಅನ್ನುವ ಭಯ ಮನೆಯೊಳಗೇ ಇತ್ತು. ಹಾಗಿದ್ದರೂ ಸ್ವಾತಂತ್ರ್ಯ ಬೇಕೇಬೇಕು ಅನ್ನುವವರು ಫ್ಲಾಂಡರ್ಸ್‌ನ ಸಮೀಕ್ಷೆಗಳಲ್ಲಿ ಬಹುಮತವಾಗಿ ಕಂಡಿಲ್ಲ. ಈ ಪಕ್ಷಗಳಿಗೆ ಮತ ಹಾಕುವವರೆಲ್ಲ ಅದಕ್ಕೇ ಹಾಕುವುದಿಲ್ಲ.

ಇನ್ನು ಬ್ರಸೆಲ್ಸ್. ಅದು ಫ್ಲಾಂಡರ್ಸ್‌ನ ರಾಜಧಾನಿ, ಸುತ್ತಲೂ ಫ್ಲಾಂಡರ್ಸ್ ನೆಲ. ಒಂದು ಕಾಲಕ್ಕೆ ಡಚ್ ಮಾತಾಡುತ್ತಿದ್ದ ಊರು, ಈಗ ಬೀದಿಯಲ್ಲಿ ಫ್ರೆಂಚ್. ಹೋಗುವಾಗ ಅದನ್ನು ಜತೆಗೆ ಒಯ್ಯಲೂ ಆಗದು, ಬಿಟ್ಟು ಹೋಗಲೂ ಮನಸ್ಸಿಲ್ಲ. ದೇಶದ ಸಾಲ ಯಾರು ಎಷ್ಟು ಹೊರಬೇಕು ಅನ್ನುವುದು ಇನ್ನೊಂದು ಗಂಟು. ಅದಕ್ಕೇ ಎನ್-ವಿಎ ಈಗ ಸ್ವಾತಂತ್ರ್ಯದ ಬದಲು ‘ಕಾನ್ಫೆಡರಲಿಸಂ’ ಅನ್ನುತ್ತದೆ. ಎಲ್ಲ ಅಧಿಕಾರ ಕೆಳಗೆ, ಮೇಲೆ ಹೆಸರಿಗೊಂದು ಬೆಲ್ಜಿಯಂ.

2025ರ ಫೆಬ್ರುವರಿ 3ರಂದು ಡೆ ವೇವರ್ ಬೆಲ್ಜಿಯಂ ರಾಜನೆದುರು ಪ್ರಮಾಣ ಮಾಡಿ ಪ್ರಧಾನಿಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಫ್ಲೆಮಿಶ್ ರಾಷ್ಟ್ರೀಯವಾದಿ ಅವರು. ಅವರ ಐದು ಪಕ್ಷಗಳ ಕೂಟದಲ್ಲಿ ಎರಡು ಫ್ರೆಂಚ್ ಮಾತಾಡುವವರದ್ದು. 150 ಸ್ಥಾನಗಳ ಸದನದಲ್ಲಿ ಕೂಟಕ್ಕೆ 81 ಸಿಕ್ಕಿದವು. ದೇಶದ ರಚನೆ ಬದಲಿಸಲು 100 ಬೇಕು. ಹಾಗಾಗಿ ಮುಂದಿನ ಚುನಾವಣೆ ಬರುವ 2029ರವರೆಗೆ ಅವರ ಮುಖ್ಯ ಕೆಲಸ ಬೆಲ್ಜಿಯಂನ ಖಜಾನೆ ಸರಿ ಮಾಡುವುದು. ನೀವು ಅಷ್ಟರಲ್ಲಿ ಡಚ್ ಕಲಿಯಿರಿ, ಮುಂದಿನ ಜುಲೈ 11ಕ್ಕೆ ಕೆಂಪು ನಾಲಿಗೆಯ ಸಿಂಹವನ್ನು ಧೈರ್ಯವಾಗಿ ಕಟ್ಟಿ.